ಸಾಮೆ, ನವಣೆಗೆ ಸಣ್ಣ ಹಲ್ಲರ್: ಸಂಘದವರು ಕೊಳ್ಳುವ ಮೊದಲು

ಸಿರಿಧಾನ್ಯ ಬೆಳೆಯುವ ಸಣ್ಣ ರೈತರ ಸಂಘಗಳಲ್ಲಿ, ಎಫ್‌ಪಿಒಗಳಲ್ಲಿ (ರೈತ ಉತ್ಪಾದಕ ಸಂಸ್ಥೆಗಳಲ್ಲಿ) ಈಗ ಹೆಚ್ಚಾಗಿ ಕಾಣುವ ಯಂತ್ರವೆಂದರೆ ಇಂಪ್ಯಾಕ್ಟ್ ಹಲ್ಲರ್, ಅಂದರೆ ಕಾಳನ್ನು ಬಡಿದು ಹೊಟ್ಟು ಬಿಡಿಸುವ ಯಂತ್ರ. ಕೊಯಮತ್ತೂರು, ಸೇಲಂ, ಹೈದರಾಬಾದ್ ಕಡೆಯ ವರ್ಕ್‌ಶಾಪುಗಳಿಂದ ಬರುತ್ತದೆ. ಹೆಸರು, ಬಣ್ಣ ಬೇರೆಯಾದರೂ ಒಳಗಿನ ಕೆಲಸ ಒಂದೇ. ಒಂದು ಹಂತದ್ದು, ಎರಡು ಹಂತದ್ದು ಎಂದು ಎರಡು ಬಗೆ. ಗಂಟೆಗೆ 100ರಿಂದ 200 ಕೆಜಿ ಎಂದು ಕರಪತ್ರದಲ್ಲಿ ಅಚ್ಚಾಗಿರುತ್ತದೆ. ತೀರ್ಪು ಮೊದಲೇ ಹೇಳಿಬಿಡೋಣ: ಯಂತ್ರ ಒಳ್ಳೆಯದು, ಕೊಳ್ಳಬಹುದು. ಆದರೆ ಕಾಳನ್ನು ಗಾತ್ರದಂತೆ ಜರಡಿ ಹಿಡಿಯುವ ಗ್ರೇಡರ್ ಮತ್ತು ಕಲ್ಲು ತೆಗೆಯುವ ಡಿಸ್ಟೋನರ್ ಇಲ್ಲದೆ ಹಲ್ಲರ್ ಒಂದನ್ನೇ ತಂದು ಕೂರಿಸಿದ ಸಂಘ ವರ್ಷ ತುಂಬುವುದರೊಳಗೆ ಅದರ ಮೇಲೆ ಗೋಣಿಚೀಲ ಹೊದಿಸುತ್ತದೆ. ಯಾಕೆ ಎನ್ನುವುದೇ ಈ ವಿಮರ್ಶೆಯ ಮುಕ್ಕಾಲು ಭಾಗ.

ರಾಗಿ, ಜೋಳ, ಸಜ್ಜೆಗೆ ಈ ಯಂತ್ರ ಬೇಡ. ಒಕ್ಕಣೆ ಮಾಡಿದರೆ ಕಾಳು ತಿನ್ನಲು ತಯಾರು. ಸಾಮೆ, ನವಣೆ, ಹಾರಕ, ಊದಲು, ಬರಗು, ಕೊರಲೆ ಈ ಆರಕ್ಕೆ ಮಾತ್ರ ಮೇಲೆ ಗಟ್ಟಿ ಹೊಟ್ಟು ಇರುತ್ತದೆ. ಹೊಟ್ಟು ತೆಗೆದರೆ ಅಕ್ಕಿ, ಇಲ್ಲದಿದ್ದರೆ ಹಕ್ಕಿ ಮೇವು. ಹಿಂದೆ ಒರಳು, ಒನಕೆ, ಬೀಸುಕಲ್ಲಿನ ಮುಂದೆ ಕೂತು ಹೆಂಗಸರೇ ಇದನ್ನು ಮಾಡುತ್ತಿದ್ದರು. ನ್ಯಾಯಬೆಲೆ ಅಂಗಡಿಯ ಅಕ್ಕಿ ಮನೆಗೆ ಬಂದ ಮೇಲೆ ಯಾರೂ ಒನಕೆ ಹಿಡಿಯಲಿಲ್ಲ, ಹೊಲದಲ್ಲಿ ಗೋವಿನಜೋಳ, ಹತ್ತಿ ಬಂತು. ರಾಜ್ಯ ಸರ್ಕಾರ ರೈತಸಿರಿ ಯೋಜನೆಯಡಿ ಸಿರಿಧಾನ್ಯ ಬೆಳೆಗಾರರಿಗೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಕೊಟ್ಟು ಬೆಳೆಸಿದ್ದು ಸರಿ. ಆದರೆ ಬೆಳೆದವನ ಮನೆಯಲ್ಲೇ ಅದನ್ನು ಉಣ್ಣಬೇಕಾದರೆ ಐದಾರು ಕಿಲೋಮೀಟರಿನೊಳಗೆ ಒಂದು ಹಲ್ಲರ್ ಇರಬೇಕು. ಇಲ್ಲದಿದ್ದರೆ ಕಾಳು ಹೊರ ಊರಿನ ಮಿಲ್ಲಿಗೆ ಅಗ್ಗಕ್ಕೆ ಹೋಗಿ, ಅಕ್ಕಿಯಾಗಿ ಮೂರು ಪಟ್ಟು ಬೆಲೆಗೆ ಪೇಟೆಯಲ್ಲಿ ಕೂರುತ್ತದೆ.

ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಸಿರಿಧಾನ್ಯ ಸಂಸ್ಕರಣಾ ಘಟಕ ನಡೆಸುವ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದ ಮೇಲೆ ಇಂಥ ಘಟಕಗಳ ಬಗ್ಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. 2018ರಲ್ಲಿ 15 ಮಹಿಳೆಯರು ಸೇರಿ ಕಟ್ಟಿದ ಸಂಘ ಅದು. ಸಾವಯವ ಕೃಷಿಕರ ಸಂಸ್ಥೆ ಸಹಜ ಸಮೃದ್ಧ, ಹೈದರಾಬಾದಿನ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆ, ಸೌರಶಕ್ತಿಯ ಕೆಲಸ ಮಾಡುವ ಸೆಲ್ಕೊ ಫೌಂಡೇಶನ್ ಬೆನ್ನಿಗಿವೆ. ಫೋಟೊದಲ್ಲಿ ಯಂತ್ರ ಎದ್ದು ಕಾಣುತ್ತದೆ, ನಿಜ. ಆದರೆ ಅಲ್ಲಿ ಸಮುದಾಯ ಬೀಜ ಬ್ಯಾಂಕೂ ಇದೆ, ಅಕ್ಕಡಿ ಪದ್ಧತಿಯ ಮಿಶ್ರಬೆಳೆಯೂ ಇದೆ, ಮಾರಾಟಕ್ಕೆ ರೈತ ಉತ್ಪಾದಕ ಕಂಪನಿಯೂ ಇದೆ. ಹೊಲದಲ್ಲಿ ಸಾಮೆಯೇ ಇಲ್ಲದ ಊರಿಗೆ ಹಲ್ಲರ್ ತಂದು ಏನು ಹಾಕುತ್ತೀರಿ?

ಈಗ ಯಂತ್ರದ ಹೊಟ್ಟೆಯೊಳಗೆ. ಹಾಪರಿಗೆ ಸುರಿದ ಕಾಳು ಒಂದು ಸಣ್ಣ ಕಂಡಿಯಿಂದ ಇಳಿದು, ಜೋರಾಗಿ ತಿರುಗುವ ಇಂಪೆಲ್ಲರಿನ, ಅಂದರೆ ರೆಕ್ಕೆಗಳಿರುವ ಚಕ್ರದ, ನಡುವೆ ಬೀಳುತ್ತದೆ. ಇಂಪೆಲ್ಲರ್ ಅದನ್ನು ಸುತ್ತಲಿನ ಗೋಡೆಗೆ ಎಸೆಯುತ್ತದೆ. ಗೋಡೆಗೆ ರಬ್ಬರ್ ಅಥವಾ ಪಾಲಿಯುರಿಥೇನ್ ಲೈನರ್ ಇರುತ್ತದೆ. ಬಡಿದ ಪೆಟ್ಟಿಗೆ ಹೊಟ್ಟು ಸೀಳಿ ಅಕ್ಕಿ ಹೊರಬರುತ್ತದೆ, ಕೆಳಗಿನ ಬ್ಲೋವರ್ ಹೊಟ್ಟನ್ನು ಎಳೆದುಕೊಂಡು ಹೋಗುತ್ತದೆ. ಉಜ್ಜಾಟ ಇಲ್ಲದ್ದರಿಂದ ತೌಡು ಅಕ್ಕಿಯ ಮೇಲೇ ಉಳಿಯುತ್ತದೆ. ಹಳೆಯ ಎಮರಿ ಕಲ್ಲಿನ ಯಂತ್ರದಲ್ಲಿ ಹೊಟ್ಟಿನ ಜೊತೆ ತೌಡೂ ಹೋಗಿ ಅಕ್ಕಿ ಬೆಳ್ಳಗೆ ಬರುತ್ತಿತ್ತು, ನುಚ್ಚು ಹೆಚ್ಚು, ಬಿಸಿಯೂ ಹೆಚ್ಚು. ಇಂಪ್ಯಾಕ್ಟಿನಲ್ಲಿ ಮಾಡಿದ ನವಣೆ ಅಕ್ಕಿ ಹಳದಿ, ಸಾಮೆ ಅಕ್ಕಿ ಮಾಸಲು ಬಣ್ಣ. ಪೇಟೆಯ ಗಿರಾಕಿ "ಇದು ಹಳೇ ಮಾಲಾ?" ಅಂತ ಕೇಳುವುದು ಇದಕ್ಕೇ, ಪೊಟ್ಟಣದ ಮೇಲೆ ಪಾಲಿಶ್ ಮಾಡಿಲ್ಲ ಎಂದು ದೊಡ್ಡದಾಗಿ ಬರೆಯುವುದು ಒಳ್ಳೆಯದು. ಭತ್ತದ ಮಿಲ್ಲಿನ ರಬ್ಬರ್ ರೋಲರ್ ಸಣ್ಣ ಕಾಳಿಗೆ ಹೊಂದುವುದಿಲ್ಲ. ಎರಡು ರೋಲರಿನ ನಡುವಿನ ಸಂದನ್ನು ಸಾಮೆಯ ಗಾತ್ರಕ್ಕೆ ತಂದರೆ ರಬ್ಬರೇ ಸವೆಯುತ್ತದೆ.

ಒಂದು ಹಂತವೋ ಎರಡು ಹಂತವೋ? ಮಾರುವವರು ಎರಡು ಹಂತದ್ದನ್ನೇ ತೋರಿಸುತ್ತಾರೆ, ಬೆಲೆಯೂ ಹೆಚ್ಚು. ಅದರಲ್ಲಿ ಕಾಳು ಒಂದು ಇಂಪೆಲ್ಲರ್ ದಾಟಿ, ಹೊಟ್ಟು ಹಾರಿ, ಮತ್ತೆ ಇನ್ನೊಂದು ಇಂಪೆಲ್ಲರಿಗೆ ಬೀಳುತ್ತದೆ. ಕೆಲಸ ಬೇಗ ಆಗುತ್ತದೆ ನಿಜ. ತೊಂದರೆ ಏನೆಂದರೆ ಮೊದಲನೇ ಪೆಟ್ಟಿಗೇ ಅಕ್ಕಿಯಾದ ಕಾಳು ಕೂಡ ಎರಡನೇ ಪೆಟ್ಟು ತಿನ್ನುತ್ತದೆ. ಹೊಟ್ಟಿನ ರಕ್ಷಣೆ ಇಲ್ಲದ ಅಕ್ಕಿ ಸಿಡಿದು ನುಚ್ಚಾಗುತ್ತದೆ. ಒಂದು ಹಂತದ ಯಂತ್ರದಲ್ಲಿ ಒಮ್ಮೆ ಹಾಯಿಸಿ, ಜರಡಿ ಹಿಡಿದು, ಹೊಟ್ಟು ಬಿಡದ ಕಾಳನ್ನು ಮಾತ್ರ ಮತ್ತೆ ಹಾಕಿದರೆ ನುಚ್ಚು ಕಡಿಮೆ. ಕೈಕೆಲಸ ಜಾಸ್ತಿ. ನಮ್ಮ ಅಭಿಪ್ರಾಯ: ನವಣೆ, ಸಾಮೆ, ಬರಗು ಮುಖ್ಯ ಬೆಳೆಯಾಗಿರುವ ಕಡೆ ಒಂದು ಹಂತದ್ದು ಸಾಕು, ಉಳಿದ ದುಡ್ಡನ್ನು ಜರಡಿಗೆ ಹಾಕಿ. ಹಾರಕ, ಊದಲು, ಕೊರಲೆ ಹೆಚ್ಚಿದ್ದರೆ ಎರಡು ಹಂತದ್ದು. ಹಾರಕಕ್ಕೆ ಹೊಟ್ಟು ಪದರ ಪದರವಾಗಿ ಇರುತ್ತದೆ, ಎರಡು ಹಂತದಲ್ಲೂ ಒಮ್ಮೆಗೆ ಪೂರ್ತಿ ಬಿಡುವುದಿಲ್ಲ, ಮೂರನೇ ಸಲ ಹಾಕಲೇಬೇಕು.

ವೇಗದ ಹಿಡಿತ ಈ ಯಂತ್ರದ ಜೀವ. ವೇಗ ಕಡಿಮೆಯಾದರೆ ಹೊಟ್ಟು ಬಿಡದು, ಹೆಚ್ಚಾದರೆ ಅಕ್ಕಿ ಒಡೆಯುತ್ತದೆ, ಮತ್ತು ಪ್ರತಿ ಧಾನ್ಯಕ್ಕೂ ಬೇರೆ ವೇಗ ಬೇಕು. ಅಗ್ಗದ ಮಾದರಿಗಳಲ್ಲಿ ಪುಲ್ಲಿ ಬದಲಿಸಿ ವೇಗ ಬದಲಿಸಬೇಕು. ಯಾರೂ ಬದಲಿಸುವುದಿಲ್ಲ, ಎಲ್ಲ ಧಾನ್ಯವನ್ನೂ ಒಂದೇ ವೇಗದಲ್ಲಿ ಹಾಕಿ "ಯಂತ್ರ ಸರಿಯಿಲ್ಲ" ಅನ್ನುತ್ತಾರೆ. ಆದ್ದರಿಂದ ವಿಎಫ್‌ಡಿ, ಅಂದರೆ ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್, ಇಲ್ಲದ ಹಲ್ಲರ್ ತರಬೇಡಿ. ಇದರಿಂದ ಇನ್ನೊಂದು ಲಾಭವೂ ಇದೆ. ಸಿಂಗಲ್ ಫೇಸ್ ಕೊಟ್ಟರೆ ತ್ರೀಫೇಸ್ ಮೋಟಾರ್ ಓಡಿಸುವ ವಿಎಫ್‌ಡಿ 3 ಎಚ್‌ಪಿವರೆಗೆ ಸುಲಭವಾಗಿ ಸಿಗುತ್ತದೆ. ಊರಿನಲ್ಲಿ ತ್ರೀಫೇಸ್ ಇಲ್ಲದ ಹೊತ್ತಿನಲ್ಲೂ ಹಲ್ಲರ್ ನಡೆಯುತ್ತದೆ.

ವೇಗ ಹೊಂದಿಸುವ ಕ್ರಮ ಹೀಗೆ. ವಿಎಫ್‌ಡಿಯನ್ನು 40 ಹರ್ಟ್ಸ್‌ಗೆ ಇಟ್ಟು ಎರಡು ಕೆಜಿ ಕಾಳು ಹಾಯಿಸಿ. ಯಂತ್ರದ ಬಾಯಿಯಿಂದ ಬಿದ್ದದ್ದರಲ್ಲಿ ಒಂದು ಚಿಟಿಕೆ ತೆಗೆದು ಕರಿ ಬಟ್ಟೆಯ ಮೇಲೆ ಹರಡಿ 100 ಕಾಳು ಎಣಿಸಿ. ಹೊಟ್ಟು ಬಿಡದವು ಎಷ್ಟು, ಒಡೆದವು ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಎರಡು ಹರ್ಟ್ಸ್ ಏರಿಸಿ ಮತ್ತೆ ಅದೇ ಕೆಲಸ. ಏರಿಸುತ್ತ ಹೋದಂತೆ ಹೊಟ್ಟು ಬಿಡದವು ಕಡಿಮೆಯಾಗುತ್ತವೆ. ಒಂದು ಹಂತದ ನಂತರ ಅವು ಅಷ್ಟಕ್ಕೇ ನಿಂತು ಒಡೆದವು ಏರತೊಡಗುತ್ತವೆ. ಅದಕ್ಕಿಂತ ಎರಡು ಹರ್ಟ್ಸ್ ಕೆಳಗೆ ನಿಲ್ಲಿಸಿ. ಮೊದಲ ಹಾಯಿಸುವಿಕೆಯಲ್ಲಿ ನೂರಕ್ಕೆ 20 ಕಾಳು ಹಾಗೇ ಬಂದರೆ ಗಾಬರಿ ಬೇಡ, ಅವು ಎರಡನೇ ಸಲಕ್ಕೆ. ಒಂದೇ ಸಲಕ್ಕೆ ಎಲ್ಲ ಬಿಡಿಸುವ ಆಸೆಗೆ ವೇಗ ಏರಿಸುವುದೇ ನುಚ್ಚಿಗೆ ಮೊದಲ ಕಾರಣ. ಪ್ರತಿ ಧಾನ್ಯದ ಅಂಕಿಯನ್ನು ಯಂತ್ರದ ಮೈಮೇಲೇ ಪೇಂಟಿನಲ್ಲಿ ಬರೆದಿಡಿ.

ಇಷ್ಟು ಮಾಡಿಯೂ ನುಚ್ಚು ಬಂದರೆ ತಪ್ಪು ಯಂತ್ರದ್ದಲ್ಲ, ಕಾಳಿನ ತೇವದ್ದು. ಹಲ್ಲರಿಗೆ ಹಾಕುವ ಕಾಳಿನ ತೇವಾಂಶ 10ರಿಂದ 12 ಶೇಕಡ ಇರಬೇಕು. 13 ದಾಟಿದರೆ ಹೊಟ್ಟು ಮೆತ್ತಗಾಗಿ ಅಕ್ಕಿಗೆ ಅಂಟಿಕೊಳ್ಳುತ್ತದೆ, ಬಡಿದರೂ ಸೀಳುವುದಿಲ್ಲ. 9ಕ್ಕಿಂತ ಕೆಳಗಿಳಿದರೆ ಅಕ್ಕಿ ಗಾಜಿನಂತೆ ಸಿಡಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮನೆಯ ಅಟ್ಟದ ಮೇಲಿದ್ದ ಚೀಲ ನೇರವಾಗಿ ಹಲ್ಲರಿಗೆ ಬಂದರೆ ನುಚ್ಚೇ ಗತಿ. ಅಂಥ ಕಾಳನ್ನು ಹಿಂದಿನ ರಾತ್ರಿ ನೆರಳಿನಲ್ಲಿ, ಸಿಮೆಂಟ್ ನೆಲದ ಮೇಲೆ ತೆಳ್ಳಗೆ ಹರಡಿ ಬಿಟ್ಟರೆ ಸ್ವಲ್ಪ ಸುಧಾರಿಸುತ್ತದೆ. ನೀರು ಚಿಮುಕಿಸುವ ಉಪಾಯ ಕೆಲವರು ಹೇಳುತ್ತಾರೆ; ಬೂಷ್ಟು ಕರೆದಂತೆ, ಬೇಡ. ತೇವಮಾಪಕ ಕೊಳ್ಳುವವರೆಗೆ ಉಪ್ಪಿನ ಪರೀಕ್ಷೆ ಸಾಕು: ಒಣಗಿದ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳು, ಒಂದು ಚಮಚ ಹುರಿದು ಆರಿಸಿದ ಪುಡಿಯುಪ್ಪು ಹಾಕಿ ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15 ಶೇಕಡಕ್ಕಿಂತ ಮೇಲೆ, ಆ ಚೀಲವನ್ನು ವಾಪಸ್ ಕಳಿಸಿ. ಅಂಟದಿದ್ದರೆ ತಕ್ಷಣ ಹಲ್ಲರಿಗೆ ತಯಾರು ಎಂದಲ್ಲ. 13, 14 ಇರಬಹುದು. ಹಾಗಾಗಿ ಘಟಕ ನಡೆಯತೊಡಗಿದ ಮೇಲೆ ಡಿಜಿಟಲ್ ಮಾಪಕ ತರಲೇಬೇಕು.

ತೇವದ ವಿಷಯದಲ್ಲಿ ಹಾರಕಕ್ಕೆ ಬೇರೆಯೇ ಎಚ್ಚರ ಬೇಕು. ಕಟಾವಿನ ಹೊತ್ತಿಗೆ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಹಾರಕ ವಿಷ. ತಿಂದವರಿಗೆ ತಲೆ ತಿರುಗಿ ಅಮಲೇರುವುದನ್ನು ಬೆಳೆಯುವವರೆಲ್ಲ ಬಲ್ಲರು. 2024ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ 10 ಆನೆಗಳು ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ಸೈಕ್ಲೊಪಿಯಾಜೊನಿಕ್ ಆಮ್ಲ, ಹಾರಕದ ಮೇಲಿನ ಬೂಷ್ಟಿನಿಂದ ಹುಟ್ಟುವ ವಿಷ. ಹೊಟ್ಟು ತೆಗೆದರೆ ಸರಿಹೋಗುತ್ತದೆ ಎಂಬ ನಂಬಿಕೆ ಬೇಡ. ಕಪ್ಪು ಚುಕ್ಕೆ, ಮುಗ್ಗಲು ವಾಸನೆ ಇರುವ ಹಾರಕವನ್ನು ಘಟಕದ ಬಾಗಿಲಲ್ಲೇ ನಿಲ್ಲಿಸಬೇಕು, ತಂದವರು ಸಂಘದ ಅಧ್ಯಕ್ಷೆಯ ಮನೆಯವರೇ ಆದರೂ.

ಇನ್ನು ಕಲ್ಲಿನ ಕಥೆ. ಡಾಂಬರು ರಸ್ತೆಯ ಮೇಲೆ ಹರಡಿ ಬಸ್ಸು, ಲಾರಿ ಹಾಯಿಸಿ ಒಕ್ಕಿದ ಸಾಮೆಯಲ್ಲಿ ಕಾಳಿನ ಗಾತ್ರದ ಜಲ್ಲಿ ಚೂರು ಇರುತ್ತದೆ. ಮೊರದಲ್ಲಿ ಕೇರಿದರೂ ಪೂರ್ತಿ ಹೋಗದು. ಅದು ಇಂಪೆಲ್ಲರಿನಿಂದ ಗುಂಡಿನಂತೆ ಹಾರಿ ಲೈನರನ್ನು ಸೀಳುತ್ತದೆ, ಇಂಪೆಲ್ಲರಿನ ರೆಕ್ಕೆಯ ಅಂಚು ತಿನ್ನುತ್ತದೆ. ಒಂದು ರೆಕ್ಕೆ ಹೆಚ್ಚು ಸವೆದರೆ ತೂಕ ತಪ್ಪಿ ಯಂತ್ರ ನಡುಗತೊಡಗುತ್ತದೆ, ನಡುಕದಿಂದ ಬೇರಿಂಗ್ ಹೋಗುತ್ತದೆ, ಬೇರಿಂಗ್ ಹೋದರೆ ಶಾಫ್ಟ್. ಹದಿನೈದು ದಿನದಲ್ಲಿ ಇಷ್ಟೂ ಆಗಬಹುದು. ಆಮೇಲೆ ಬರುವ ಮೆಕ್ಯಾನಿಕ್ ಸವೆದ ಒಂದು ರೆಕ್ಕೆಯನ್ನಷ್ಟೇ ಬದಲಿಸಿ ಹೋದರೆ ನಡುಕ ಇನ್ನೂ ಹೆಚ್ಚುತ್ತದೆ. ಬದಲಿಸುವುದಾದರೆ ಇಡೀ ಸೆಟ್.

ಆದ್ದರಿಂದ ಗ್ರೇಡರ್ ಮೊದಲು, ಡಿಸ್ಟೋನರ್ ಆಮೇಲೆ, ಹಲ್ಲರ್ ಮೂರನೆಯದು. ಈ ಕ್ರಮ ತಪ್ಪಿಸಬಾರದು. ಡಿಸ್ಟೋನರ್ ಓರೆಯಾಗಿ ನಡುಗುವ ಜಾಲರಿಯ ಕೆಳಗಿನಿಂದ ಗಾಳಿ ಬಿಟ್ಟು ಹಗುರದ್ದನ್ನು ತೇಲಿಸುತ್ತದೆ, ಭಾರದ್ದು ಜಾಲರಿ ಹಿಡಿದು ಮೇಲಕ್ಕೆ ಹೋಗುತ್ತದೆ. ಗಾತ್ರ ಒಂದೇ ಸಮ ಇದ್ದಾಗ ಮಾತ್ರ ಈ ಭಾರ ಹಗುರದ ಆಟ ನಡೆಯುವುದು. ದಪ್ಪ ಸಣ್ಣ ಬೆರಕೆ ಕಾಳು ಹಾಕಿದರೆ ಸಣ್ಣ ಕಲ್ಲು ಕಾಳಿನ ಜೊತೆಗೂ, ದಪ್ಪ ಕಾಳು ಕಲ್ಲಿನ ಜೊತೆಗೂ ಹೋಗುತ್ತವೆ. ಗ್ರೇಡರಿಗೆ ಧಾನ್ಯಕ್ಕೊಂದು ಜರಡಿ ಸೆಟ್ ಬೇಕು. ಹಾರಕ, ಬರಗಿನ ಕಾಳು ದಪ್ಪ. ಸಾಮೆ, ಕೊರಲೆ ಸಣ್ಣ. ಒಂದೇ ಸೆಟ್ ಕೊಟ್ಟು "ಎಲ್ಲದಕ್ಕೂ ಆಗುತ್ತೆ" ಅನ್ನುವ ಮಾರಾಟಗಾರನ ಮಾತು ನಂಬಬೇಡಿ.

ಕರಿಮಣ್ಣಿನ ಸೀಮೆಯಲ್ಲಿ ಇನ್ನೊಂದು ಪೀಡೆ ಇದೆ. ಮಣ್ಣಿನ ಸಣ್ಣ ಉಂಡೆಗಳು ತೂಕದಲ್ಲೂ ಗಾತ್ರದಲ್ಲೂ ಕಾಳಿನ ಹತ್ತಿರವೇ ಇರುವುದರಿಂದ ಗ್ರೇಡರ್, ಡಿಸ್ಟೋನರ್ ಎರಡನ್ನೂ ದಾಟುತ್ತವೆ. ಹಲ್ಲರಿನಲ್ಲಿ ಪುಡಿಯಾಗಿ ಅಕ್ಕಿಗೆ ಕಪ್ಪು ಬಳಿಯುತ್ತವೆ. ತೊಳೆದರೆ ನೀರು ಕಪ್ಪಾಗುತ್ತದೆ, ಗಿರಾಕಿ ಬಣ್ಣ ಹಾಕಿದ್ದಾರೆ ಅಂದುಕೊಳ್ಳುತ್ತಾನೆ. ಇದಕ್ಕೆ ಯಂತ್ರದಲ್ಲಿ ಮದ್ದಿಲ್ಲ. ತೆನೆಯನ್ನು ಬುಡಸಮೇತ ಕೀಳದೆ ಕುಡುಗೋಲಿನಿಂದ ಕೊಯ್ಯಬೇಕು, ಟಾರ್ಪಾಲಿನ ಮೇಲೆ ಒಕ್ಕಬೇಕು. ದೊಡ್ಡ ಟಾರ್ಪಾಲು ನಾಲ್ಕೈದು ಕೊಂಡು ಸದಸ್ಯರಿಗೆ ಸರದಿಯ ಮೇಲೆ ಕೊಡುವ ಸಂಘ ಲೈನರಿನ ದುಡ್ಡು ಉಳಿಸುತ್ತದೆ.

ಬ್ಲೋವರಿನ ಗಾಳಿ ಹೊಂದಿಸುವುದು ಕೈಗೆ ರೂಢಿಯಾಗಬೇಕಾದ ಕೆಲಸ. ಗಾಳಿ ಕಡಿಮೆಯಾದರೆ ಅಕ್ಕಿಯಲ್ಲಿ ಹೊಟ್ಟು, ಹೆಚ್ಚಾದರೆ ಹೊಟ್ಟಿನಲ್ಲಿ ಅಕ್ಕಿ. ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಎರಡನೆಯದು ಕಾಣುವುದಿಲ್ಲ, ನಷ್ಟ ಸದ್ದಿಲ್ಲದೆ ಆಗುತ್ತದೆ. ಸಾಮೆ, ಕೊರಲೆ ಅಕ್ಕಿ ಹಗುರವಾದ್ದರಿಂದ ಇವುಗಳಲ್ಲೇ ಹೆಚ್ಚು. ಅರ್ಧ ಗಂಟೆಗೊಮ್ಮೆ ಹೊಟ್ಟು ಬೀಳುವ ಚೀಲದಿಂದ ಒಂದು ಬೊಗಸೆ ತೆಗೆದು ನೀರಿನ ಬಕೆಟ್ಟಿಗೆ ಹಾಕಿ ಕೈಯಾಡಿಸಿ. ಹೊಟ್ಟು ತೇಲುತ್ತದೆ, ಅಕ್ಕಿ ತಳಕ್ಕೆ ಕೂರುತ್ತದೆ. ತಳದಲ್ಲಿ ಬೆರಳಿಗೆ ಸಿಗುವಷ್ಟು ಅಕ್ಕಿ ಇದ್ದರೆ ಗಾಳಿಯ ಬಾಗಿಲು ಒಂದಿಷ್ಟು ಮುಚ್ಚಿ. ವೋಲ್ಟೇಜ್ ಇಳಿದಾಗ ಬ್ಲೋವರಿನ ಎಳೆತವೂ ಇಳಿಯುತ್ತದೆ, ಸಂಜೆ ಹೊತ್ತಿನ ಅಕ್ಕಿಯಲ್ಲಿ ಹೊಟ್ಟು ಹೆಚ್ಚಿರುವುದಕ್ಕೆ ಇದೇ ಕಾರಣ. ಸಿಂಗಲ್ ಫೇಸ್ ಮೋಟಾರಿನ ಕೆಪಾಸಿಟರ್ ಸುಡುವುದೂ ಆಗಲೇ. ಒಂದು ಬಿಡಿ ಕೆಪಾಸಿಟರ್ ಡಬ್ಬದಲ್ಲಿರಲಿ.

ಇಳುವರಿ ಎಷ್ಟು ಎಂದು ರೈತರು ಕೇಳಿಯೇ ಕೇಳುತ್ತಾರೆ, ಬಾಗಿಲಲ್ಲೇ ಬರೆದು ಅಂಟಿಸುವುದು ಲೇಸು. ಒಂದು ಕ್ವಿಂಟಲ್ ಸಾಮೆ ತಂದರೆ ಕಸ, ಕಲ್ಲು, ಜೊಳ್ಳು ನಾಲ್ಕೈದು ಕೆಜಿ ಮೊದಲೇ ಹೋಗುತ್ತದೆ. ಉಳಿದದ್ದರಲ್ಲಿ ಅಕ್ಕಿ 60ರಿಂದ 65 ಕೆಜಿ, ನುಚ್ಚು ಮತ್ತು ತೌಡಿನ ಪುಡಿ ಐದರಿಂದ ಎಂಟು, ಮಿಕ್ಕದ್ದೆಲ್ಲ ಹೊಟ್ಟು. ನವಣೆಯೂ ಸುಮಾರು ಇಷ್ಟೇ. ಹಾರಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದರೆ ಅದೇ ದೊಡ್ಡದು, ಹೊಟ್ಟೇ ಅಷ್ಟಿರುತ್ತದೆ. ಇದು ಗೊತ್ತಿಲ್ಲದವರು "ನನ್ನ ಅಕ್ಕಿ ಕದ್ದರು" ಎಂದು ಜಗಳ ತೆಗೆಯುತ್ತಾರೆ. ತಂದಾಗ ತೂಕ, ಕಸ ತೆಗೆದ ಮೇಲೆ ತೂಕ, ಅಕ್ಕಿ, ನುಚ್ಚು, ಹೊಟ್ಟು ಹೀಗೆ ಐದು ತೂಕ ಒಂದೇ ಚೀಟಿಯಲ್ಲಿ ಬರೆದು ಕೊಟ್ಟರೆ ಜಗಳ ನಿಲ್ಲುತ್ತದೆ. ಕೂಲಿಯನ್ನು ತಂದ ಕಾಳಿನ ತೂಕದ ಮೇಲೆ ಹಾಕಬೇಕು, ಬಂದ ಅಕ್ಕಿಯ ಮೇಲಲ್ಲ.

ಕರಪತ್ರದ 100 ಕೆಜಿ ಬರೀ ಹಾಪರಿನ ಲೆಕ್ಕ. ಎರಡು ಸಲ ಹಾಯಿಸಿ, ಜರಡಿ ಹಿಡಿದು, ಚೀಲ ಬದಲಿಸಿ, ಒಬ್ಬರ ಮಾಲು ಇನ್ನೊಬ್ಬರದಕ್ಕೆ ಬೆರೆಯದಂತೆ ನಡುವೆ ಯಂತ್ರ ಖಾಲಿ ಮಾಡಿ ಓಡಿಸುವಾಗ ಗಂಟೆಗೆ 50ರಿಂದ 60 ಕೆಜಿ ಎಂದಿಟ್ಟುಕೊಳ್ಳಿ. ದಿನಕ್ಕೆ ಆರು ಗಂಟೆ ನಡೆದರೆ ಮೂರು ಕ್ವಿಂಟಲ್. ಕೆಜಿಗೆ 6 ರೂಪಾಯಿ ಕೂಲಿ ಎಂದುಕೊಂಡರೆ 1,800. ಇಬ್ಬರ ಸಂಬಳ ತಲಾ 400ರಂತೆ 800, ವಿದ್ಯುತ್ 20 ಯೂನಿಟ್ಟಿಗೆ ಸುಮಾರು 150, ರಿಪೇರಿಗೆ ಎತ್ತಿಡಬೇಕಾದ್ದು 200. ಉಳಿಯುವುದು 650. ವರ್ಷಕ್ಕೆ ನೂರು ದಿನ ಓಡಿದರೆ 65,000 ರೂಪಾಯಿ, ಅದೂ 300 ಕ್ವಿಂಟಲ್ ಕಾಳು ಬಂದರೆ. ಮಳೆಯಾಶ್ರಿತ ಹೊಲದಲ್ಲಿ ಎಕರೆಗೆ ಐದು ಕ್ವಿಂಟಲ್ ಸಾಮೆ ಬಂತು ಎಂದರೂ 60 ಎಕರೆ ಬೇಕು. ಹಲ್ಲರ್ ಒಂದಕ್ಕೆ ಲಕ್ಷದ ಮೇಲೆ, ಇಡೀ ಸಾಲಿಗೆ ಹಲವು ಲಕ್ಷ ಸುರಿಯುವ ಮೊದಲು ಈ 60 ಎಕರೆ ಯಾರ ಯಾರದ್ದು ಎಂದು ಹೆಸರು ಸಮೇತ ಪಟ್ಟಿ ಮಾಡಿ. ಪಟ್ಟಿ 25 ಎಕರೆಗೆ ನಿಂತರೆ ಯಂತ್ರ ಬೇಡ. ಪಕ್ಕದ ಊರಿನ ಘಟಕಕ್ಕೆ ತಿಂಗಳಿಗೊಮ್ಮೆ ಟಾಟಾ ಏಸ್ ತುಂಬಿ ಕಳಿಸುವುದು ಅಗ್ಗ. ಮನೆ ಬಳಕೆಗಷ್ಟೇ ಆದರೆ ಬ್ಲೇಡಿನ ಅಂಚು ಮೊಂಡು ಮಾಡಿದ ಮಿಕ್ಸಿ ಜಾರಿನಲ್ಲಿ ಕೊರಲೆ, ಸಾಮೆ ಬಿಡಿಸಿಕೊಳ್ಳುವವರೂ ನಮ್ಮಲ್ಲಿ ಇದ್ದಾರೆ. ಅದೇನು ಕೆಟ್ಟ ಉಪಾಯವಲ್ಲ.

ಸಹಾಯಧನದ ಬಗ್ಗೆ: ಕಿರು ಆಹಾರ ಸಂಸ್ಕರಣಾ ಘಟಕಗಳಿಗೆಂದು ಇರುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಕಟ್ಟಿದ 35 ಶೇಕಡ ಸಬ್ಸಿಡಿ ಇದೆ. ಕರ್ನಾಟಕ ಸರ್ಕಾರ ಅದಕ್ಕೆ ಇನ್ನೂ 15 ಸೇರಿಸಿ ಅರ್ಧದಷ್ಟು ಕೊಡುತ್ತ ಬಂದಿದೆ, ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನವೂ ಇದೇ ಯೋಜನೆಯಲ್ಲಿದೆ. ಅಪಾಯ ಏನೆಂದರೆ ಸಬ್ಸಿಡಿ ಬರುತ್ತದೆ ಎಂದು ಗಂಟೆಗೆ 500 ಕೆಜಿಯ ದೊಡ್ಡ ಯಂತ್ರಕ್ಕೆ ಕೊಟೇಶನ್ ಹಾಕಿಸುವುದು. ದೊಡ್ಡದಕ್ಕೆ ಒಬ್ಬ ರೈತ ತಂದ 20 ಕೆಜಿ ಯಂತ್ರದ ಒಳಗೇ ಸಿಕ್ಕಿಕೊಳ್ಳುತ್ತದೆ. ಕಾಳನ್ನು ಮೇಲಕ್ಕೆ ಒಯ್ಯುವ ಎಲಿವೇಟರಿನ ಬುಡದಲ್ಲೇ ಒಂದೆರಡು ಕೆಜಿ ನಿಲ್ಲುತ್ತದೆ. ಊರಿನವರ ಸಣ್ಣ ಚೀಲಕ್ಕೆ ಸಣ್ಣ ಯಂತ್ರವೇ ಸರಿ.

ಸೌರವಿದ್ಯುತ್ತಿನ ಮಾದರಿ ಹೇಗೆ? ಕೃಷಿ ಫೀಡರಿನ ತ್ರೀಫೇಸ್ ದಿನಕ್ಕೆ ಏಳು ಗಂಟೆ, ಅದೂ ಎಷ್ಟೋ ಸಲ ರಾತ್ರಿ. ಪಂಪ್‌ಸೆಟ್ಟಿನ ಸಂಪರ್ಕದಲ್ಲಿ ಹಲ್ಲರ್ ಓಡಿಸುವಂತೆಯೂ ಇಲ್ಲ, ಬೇರೆ ಮೀಟರ್ ಬೇಕು. ಹಾಗಾಗಿ ಸೋಲಾರ್ ಒಪ್ಪುವ ಮಾತು. ತೀರ್ಥದ ಘಟಕ ಸೆಲ್ಕೊ ಫೌಂಡೇಶನ್ ನೆರವಿನ ಸೌರಶಕ್ತಿಯದ್ದೇ. ಎಲ್ಲ ಯಂತ್ರ ಒಟ್ಟಿಗೆ ಓಡುವಷ್ಟು ಪ್ಯಾನೆಲ್ ಹಾಕಿಸಿದರೆ ಖರ್ಚು ದುಪ್ಪಟ್ಟು. ಬೆಳಿಗ್ಗೆ ಗ್ರೇಡರ್, ಡಿಸ್ಟೋನರ್, ಬಿಸಿಲೇರಿದ ಮೇಲೆ ಹಲ್ಲರ್ ಎಂದು ಕೆಲಸ ಹಂಚಿದರೆ ಅರ್ಧಕ್ಕೆ ಮುಗಿಯುತ್ತದೆ. ಜುಲೈ, ಆಗಸ್ಟಿನ ಮೋಡದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ, ಅದನ್ನು ಒಪ್ಪಿಕೊಂಡೇ ಲೆಕ್ಕ ಹಾಕಿ. ಹೊಟ್ಟು, ದೂಳನ್ನು ಗಾಳಿಯಿಂದ ಬೇರ್ಪಡಿಸಿ ಹೊರಹಾಕುವ ಸೈಕ್ಲೋನಿನ ಪೈಪನ್ನು ಪ್ಯಾನೆಲ್ ಇರುವ ಕಡೆಗೇ ತಿರುಗಿಸುವ ಎಡವಟ್ಟು ಮಾತ್ರ ಆಗದಿರಲಿ. ದೂಳು ಕೂತರೆ ಕರೆಂಟ್ ಇಳಿಯುತ್ತದೆ, ಇಬ್ಬನಿ ಬಿದ್ದರೆ ಆ ದೂಳು ಗಾಜಿಗೆ ಅಂಟಿಕೊಳ್ಳುತ್ತದೆ.

ಯಂತ್ರದ ವಿನ್ಯಾಸದ ಬಗ್ಗೆ ಒಂದು ತಕರಾರು ಇದೆ. ನಡೆಸುವವರು ಬಹುಪಾಲು ಹೆಂಗಸರು, ಆದರೆ ಹಾಪರಿನ ಎತ್ತರ ಗಂಡಸರ ಎದೆಮಟ್ಟಕ್ಕೆ. 60 ಕೆಜಿ ಚೀಲವನ್ನು ಅಲ್ಲಿಗೆ ಎತ್ತಲು ದಿನವೂ ಯಾರನ್ನೋ ಕರೆಯಬೇಕಾಗುತ್ತದೆ. ಒಂದೂವರೆ ಅಡಿಯ ಇಟ್ಟಿಗೆ ಕಟ್ಟೆ ಕಟ್ಟಿಸಿ, 30 ಕೆಜಿ ಚೀಲದ ನಿಯಮ ಮಾಡಿ. ಬೆಲ್ಟಿಗೆ ತಗಡಿನ ಕವಚ ಇಲ್ಲದ ಯಂತ್ರವನ್ನು ಒಳಗೆ ಬಿಟ್ಟುಕೊಳ್ಳಬೇಡಿ. ಸೀರೆ ಸೆರಗು, ದುಪಟ್ಟಾ ಸಿಕ್ಕಿದರೆ ಸ್ವಿಚ್ಚಿನ ತನಕ ಕೈ ಹೋಗುವಷ್ಟು ಹೊತ್ತೂ ಇರುವುದಿಲ್ಲ. ಊದಲು, ಕೊರಲೆಯ ದೂಳು ಮೈಕೈ ತುರಿಸುತ್ತದೆ, ಮೂಗಿಗೂ ಕೆಟ್ಟದ್ದು. ಮಾಸ್ಕ್ ಬೇಕು, ಸೈಕ್ಲೋನಿನ ಬಾಯಿ ಹೊರಗೆ ಗುಂಡಿಯಲ್ಲಿರಬೇಕು. ಹೊಟ್ಟನ್ನು ದನ ತಿನ್ನುವುದಿಲ್ಲ. ಗಿಡದ ಬುಡಕ್ಕೆ ಮುಚ್ಚಿಗೆಯಾಗಿ, ಕೋಳಿಮನೆಯ ನೆಲಕ್ಕೆ, ಇಟ್ಟಿಗೆ ಭಟ್ಟಿಗೆ ಹೋಗುತ್ತದೆ.

ಮಾರಾಟಕ್ಕೆ ಇಳಿಯುವ ಸಂಘಗಳು ಹೆಚ್ಚಾಗಿ ಎಡವುವುದು ದಾಸ್ತಾನಿನಲ್ಲಿ. ಹೊಟ್ಟು ಸಹಿತ ಕಾಳು ವರ್ಷಗಟ್ಟಲೆ ಕೆಡುವುದಿಲ್ಲ, ಹುಳವೂ ಅಷ್ಟಾಗಿ ಬೀಳದು. ಹೊಟ್ಟು ಬಿಟ್ಟ ದಿನದಿಂದ ತೌಡಿನ ಎಣ್ಣೆಯಂಶ ಕಮಟಲು ಶುರು. ಎರಡು ಮೂರು ತಿಂಗಳಲ್ಲಿ ವಾಸನೆ ಬರುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ನವೆಂಬರಿನಲ್ಲಿ ಎಲ್ಲ ಕಾಳನ್ನೂ ಒಮ್ಮೆಗೇ ಅಕ್ಕಿ ಮಾಡಿ ಯುಗಾದಿವರೆಗೆ ಗಿರಾಕಿಗೆ ಕಾಯುವುದು ಬೇಡ. ಆರ್ಡರ್ ಬಂದಷ್ಟು ಮಾಡಿ, ಪೊಟ್ಟಣದ ಮೇಲೆ ಹೊಟ್ಟು ತೆಗೆದ ದಿನಾಂಕ ಹಾಕಿ. ವಾರಕ್ಕೆ ಒಂದು ದಿನ ಸಾಮೆ, ಒಂದು ದಿನ ನವಣೆ ಎಂದು ಗೊತ್ತು ಮಾಡಿದರೆ ಬೆರಕೆಯೂ ತಪ್ಪುತ್ತದೆ. 2023ರ ಸೆಪ್ಟೆಂಬರ್ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 15 ಬಗೆಯ ಸಿರಿಧಾನ್ಯಗಳಿಗೆ ಗುಣಮಟ್ಟ ನಿಗದಿ ಮಾಡಿದೆ. ತೇವಾಂಶ, ಕಸ, ಬೇರೆ ಧಾನ್ಯದ ಬೆರಕೆ ಎಲ್ಲಕ್ಕೂ ಮಿತಿ ಇದೆ. ಪೇಟೆಯ ಅಂಗಡಿಗೆ ಕೊಡುವವರು ಇದನ್ನು ನೋಡಿಕೊಳ್ಳಲೇಬೇಕು.

ಕೊಳ್ಳಲು ಹೋಗುವಾಗ ವರ್ಕ್‌ಶಾಪಿನವರು ಇಟ್ಟುಕೊಂಡಿರುವ ನವಣೆಯಲ್ಲಿ ಪ್ರದರ್ಶನ ನೋಡಿ ಮರುಳಾಗಬೇಡಿ. ಉಳಿದವುಗಳಿಗಿಂತ ಸುಲಭವಾಗಿ ಬಿಡುವ ಧಾನ್ಯ ಅದು. ನಿಮ್ಮೂರಿನ ಸಾಮೆ 25 ಕೆಜಿ, ಕೊರಲೆ ಅಥವಾ ಹಾರಕ 25 ಕೆಜಿ ಒಯ್ದು, ತೇವ ಅಳೆದು, ಮೇಲೆ ಹೇಳಿದ 100 ಕಾಳಿನ ಎಣಿಕೆ ಅಲ್ಲೇ ಮಾಡಿ. ಎರಡು ಸಲ ಹಾಯಿಸಿ ಜರಡಿ ಹಿಡಿದ ಮೇಲೆ ಹೊಟ್ಟು ಬಿಡದ ಕಾಳು ನೂರಕ್ಕೆ ಎರಡು ಮೂರಕ್ಕಿಂತ ಹೆಚ್ಚು ಉಳಿಯಬಾರದು. ಬಿಲ್ಲಿನಲ್ಲಿ ಇಂಪೆಲ್ಲರ್ ಒಂದು ಸೆಟ್, ಲೈನರ್ ಎರಡು, ಬೆಲ್ಟ್ ಎರಡು, ಬೇರಿಂಗ್ ಒಂದು ಜೊತೆ, ಧಾನ್ಯಕ್ಕೊಂದು ಜರಡಿ ಸೆಟ್ ಸೇರಿಸಿ ಬರೆಸಿ. ಬೇರಿಂಗ್ ನಂಬರ್ ಹುಬ್ಬಳ್ಳಿಯಲ್ಲೋ ತುಮಕೂರಿನಲ್ಲೋ ಸಿಗುವಂಥದ್ದಿರಲಿ. ವಿಎಫ್‌ಡಿಯ ಗರಿಷ್ಠ ವೇಗವನ್ನು ಅವರ ಎದುರೇ ಲಾಕ್ ಮಾಡಿಸಿಕೊಳ್ಳಿ. ಹಣದಲ್ಲಿ ಹತ್ತನೇ ಒಂದು ಭಾಗವನ್ನು, ಯಂತ್ರ ನಿಮ್ಮ ಶೆಡ್ಡಿನಲ್ಲಿ, ನಿಮ್ಮ ಕರೆಂಟಿನಲ್ಲಿ, ಐದು ಕ್ವಿಂಟಲ್ ಮುಗಿಸಿದ ಮೇಲೆ ಕೊಡುವ ಮಾತನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.